ಕಂತು ತಿಂಗಳಿಗೊಮ್ಮೆ, ಫಸಲು ವರ್ಷಕ್ಕೊಮ್ಮೆ

ಆನಗೋಡಿನ ಸುತ್ತಲ ಹಳ್ಳಿಗಳಿಗೆ ಹೊಸ ಗಾಡಿ ಬರುವುದು ಮೆಕ್ಕೆಜೋಳದ ಬೆನ್ನಿಗೇ. ಕಾಳು ದಾವಣಗೆರೆ ಎಪಿಎಂಸಿಗೆ ಹೋಗಿ, ದಲಾಲಿ ಅಂಗಡಿಯ ಪಟ್ಟಿ ಕೈಗೆ ಬಂದ ಸ್ವಲ್ಪ ದಿನಕ್ಕೆ ಯಾರದೋ ಮನೆ ಮುಂದೆ ಹಾರ ಹಾಕಿಕೊಂಡ ಬೈಕು ನಿಂತಿರುತ್ತದೆ, ಗಾಲಿ ಕೆಳಗೆ ನಿಂಬೆಹಣ್ಣು. 2018ರ ಕೊನೆಗೆ ಹಾಗೆ ನಿಂತದ್ದು ನನ್ನ ಕ್ಲಾಸಿಕ್ 350.

ಅಲ್ಲಿಯವರೆಗೆ ಸ್ಪ್ಲೆಂಡರ್. ಹರಿಹರದಲ್ಲಿ ಕೆಲಸ, ಹೋಗಿ ಬರಲು ದಿನಕ್ಕೆ ಅರವತ್ತು ಕಿ.ಮೀ. ಆಸುಪಾಸು, ಬಹುಪಾಲು ಹೆದ್ದಾರಿ. ಕಂಟೇನರ್ ಲಾರಿ ಪಕ್ಕದಲ್ಲಿ ಹಾದರೆ ಗಾಡಿ ಅಲ್ಲಾಡುತ್ತಿತ್ತು. ‘ಅದಕ್ಕೇ ತೂಕದ ಗಾಡಿ ಬೇಕು’ ಎಂದು ಮನೆಯಲ್ಲಿ ಹೇಳಿದ್ದೆ. ಸುಳ್ಳೇನಲ್ಲ. ಆದರೆ ಆಸೆ ಅದಕ್ಕಿಂತ ಹಳೆಯದು. ನಮ್ಮ ಹುಡುಗಾಟದ ಕಾಲಕ್ಕೆ ದೊಡ್ಡ ಗಾಡಿ ಅಂದರೆ ಎರಡೇ: ಪೊಲೀಸರು, ಕಂಟ್ರಾಕ್ಟರು ಓಡಿಸುವ ಬುಲೆಟ್, ಇಲ್ಲವೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. ಕಿಕ್ ಹೊಡೆದ ಅದೇ ಕೋಲನ್ನು ಮಡಚಿ ಗೇರ್ ಮಾಡಿಕೊಳ್ಳುವ ಯೆಜ್ಡಿಯ ಚಂದ ನೋಡಲೆಂದೇ ನಾವು ಹೋಟೆಲಿನ ಮುಂದೆ ನಿಲ್ಲುತ್ತಿದ್ದೆವು. ಹೀಗೆ ಬೆಳೆದವನ ಆಸೆಗೆ ‘ಸುರಕ್ಷತೆ’ ಎಂಬ ಹೆಸರಿಡುವುದು ಬೇಡ. ಆಸೆಯ ಖರ್ಚು ಎಂದೇ ಬರೆದುಕೊಂಡರೆ ಲೆಕ್ಕ ನೆಟ್ಟಗಿರುತ್ತದೆ.

ಅಪ್ಪ ಬೇಡ ಅನ್ನಲಿಲ್ಲ. ‘ನೋಡಪ್ಪಾ, ಹೊಲದ ರೊಕ್ಕ ಮುಂಗಡಕ್ಕೆ ಮಾತ್ರ. ಕಂತು ನಿನ್ ಸಂಬ್ಳದಾಗೆ ಕಟ್ಕ್ಯಾ’ ಅಂದರು. ಓದಿದ್ದು ಏಳನೇ ಕ್ಲಾಸು. ಆದರೆ ಹಣಕಾಸಿನ ಪುಸ್ತಕಗಳು ಬಹಳ ಸುತ್ತಿ ಹೇಳುವ ಮಾತನ್ನು ಅವರು ಅಷ್ಟರಲ್ಲೇ ಮುಗಿಸಿದ್ದರು. ಫಸಲಿನ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಕಂತು ತಿಂಗಳು ತಿಂಗಳೂ ಕೇಳುತ್ತದೆ. ಜೂನ್–ಜುಲೈನಲ್ಲಿ ಬೀಜ, ಗೊಬ್ಬರಕ್ಕೇ ಕೈಸಾಲ ಮಾಡುವ ಮನೆಯಲ್ಲಿ ಐದನೇ ತಾರೀಖಿಗೆ ಖಾತೆ ಖಾಲಿ ಇದ್ದರೆ ಕಂತು ವಾಪಸ್, ಮೇಲೆ ದಂಡ. ನಮ್ಮ ಕಡೆ ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋಗುವುದು ಹೆಚ್ಚಾಗಿ ಮಳೆಗಾಲದಲ್ಲೇ. ಗಾಡಿ ತೆಗೆದುಕೊಂಡವನು ಸೋಮಾರಿಯಾಗಿರುವುದಿಲ್ಲ. ಸಾಲದ ಕ್ಯಾಲೆಂಡರೂ ಹೊಲದ ಕ್ಯಾಲೆಂಡರೂ ಬೇರೆ ಬೇರೆ, ಅಷ್ಟೇ.

ಶೋರೂಮಿನ ಹುಡುಗ ‘ಹತ್ತೇ ಪರ್ಸೆಂಟು ಸಾರ್’ ಅಂದ. ಊರಿನ ಪರಿಚಯದ ಬ್ಯಾಂಕಿನಲ್ಲಿ ಹನ್ನೆರಡು. ಯಾರಾದರೂ ಹತ್ತನ್ನೇ ಆರಿಸುತ್ತಾರೆ. ಆದರೆ ಆ ಹತ್ತು ಫ್ಲಾಟ್ ಬಡ್ಡಿ: ಅಸಲು ತೀರುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೆ ಮೊದಲಿನ ಮೊತ್ತದ ಮೇಲೆಯೇ. ಒಂದು ಲಕ್ಷಕ್ಕೆ ಮೂರು ವರ್ಷದಲ್ಲಿ 30,000 ಬಡ್ಡಿ, ತಿಂಗಳಿಗೆ 3,611. ಉಳಿದ ಅಸಲಿಗಷ್ಟೇ ಹಾಕುವ ಹನ್ನೆರಡರಲ್ಲಿ ಕಂತು 3,321, ಒಟ್ಟು ಬಡ್ಡಿ ಸುಮಾರು 19,570. ಶೋರೂಮಿನ ಹತ್ತು ನಿಜದಲ್ಲಿ ಹದಿನೆಂಟರ ಹತ್ತಿರದ್ದು. ಬ್ಯಾಂಕಿಗೆ ಎರಡು ಸಲ ಹೆಚ್ಚು ಅಲೆಯಬೇಕಾಯಿತು. ಲಕ್ಷಕ್ಕೆ ಹತ್ತು ಸಾವಿರ ಉಳಿಯುವುದಾದರೆ ನಾನು ನಾಲ್ಕು ಸಲ ಬೇಕಾದರೂ ಅಲೆದೇನು.

ಆ ವರ್ಷ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿತ್ತು, ಸುಪ್ರೀಂ ಕೋರ್ಟ್ ಆದೇಶದಂತೆ. ಆ ವಿಮೆಯ ದರವನ್ನು ಸಿಸಿ ನೋಡಿ ಹಾಕುತ್ತಾರೆ. ಇಂದಿನ ದರದಲ್ಲಿ, ತೆರಿಗೆ ಬಿಟ್ಟು, 75ರಿಂದ 150 ಸಿಸಿಗೆ 3,851, 350ರವರೆಗೆ 7,365, ಅದರ ಮೇಲೆ 15,117. ನನ್ನ ಗಾಡಿ 346 ಸಿಸಿ. ನಾಲ್ಕು ಸಿಸಿ ಕಡಿಮೆ ಇದ್ದದ್ದು ಮೇಲಿನ ದರದಿಂದ ಉಳಿಸಿತು. ಲಕ್ಷ ದಾಟಿದ ಗಾಡಿಗೆ ಶೇ. 18ರ ಆಜೀವ ತೆರಿಗೆ ಮಾತ್ರ ತಪ್ಪಲಿಲ್ಲ; ಕೆಎ–17 ನಂಬರ್ ಪ್ಲೇಟಿಗೆ ನಾನು ಕೊಟ್ಟ ಬೆಲೆ ಅದು. ಇನ್ನೊಂದು ಮಾತು: ಐದು ವರ್ಷದ್ದು ಎದುರಿನವರಿಗಾಗುವ ನಷ್ಟಕ್ಕೆ. ನಮ್ಮ ಗಾಡಿಯ ಡ್ಯಾಮೇಜು, ಕಳವಿನ ವಿಮೆ ಸಾಮಾನ್ಯವಾಗಿ ಒಂದೇ ವರ್ಷದ್ದು. ‘ಐದು ವರ್ಷ ಇದೆಯಲ್ಲ’ ಎಂದುಕೊಂಡು ಅದನ್ನು ಮರೆಯುವವರೇ ಜಾಸ್ತಿ.

ಪೆಟ್ರೋಲಿನ ಲೆಕ್ಕ ಯಾರೂ ಹೇಳುವುದಿಲ್ಲ. ತಿಂಗಳಿಗೆ 1,500 ಕಿ.ಮೀ. ಓಡಿದರೆ, ಲೀಟರಿಗೆ 60 ಕೊಡುವ ಗಾಡಿ 25 ಲೀಟರ್ ಕುಡಿಯುತ್ತದೆ, 35 ಕೊಡುವುದು 43. ಲೀಟರು ನೂರು ದಾಟಿರುವಾಗ ಇದು ತಿಂಗಳಿಗೆ 1,800 ರೂಪಾಯಿಯ ಇನ್ನೊಂದು ಕಂತು, ಮೂರು ವರ್ಷಕ್ಕೆ ಮುಗಿಯದ ಕಂತು. ಅದಕ್ಕೇ ಸ್ಪ್ಲೆಂಡರ್ ಮಾರಲಿಲ್ಲ. ವಾರದ ಕೆಲಸಕ್ಕೆ ಅದು, ದೂರದ ದಾರಿಗೆ, ಭಾನುವಾರದ ಬೆಣ್ಣೆದೋಸೆಗೆ ಇದು.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲೆ ಚಿಕ್ಕಪ್ಪನ ಮಗ ನನ್ನ ಬೆನ್ನು ಬಿದ್ದಿದ್ದಾನೆ. ಅವನಿಗೆ ಸಂಬಳವಿಲ್ಲ, ಹೊಲವೇ ಆಧಾರ. ಕಾಳು ಮಾರಿದ ದಿನವೇ ಹನ್ನೆರಡು ಕಂತನ್ನು ಬೇರೆ ಖಾತೆಗೆ ಹಾಕು, ಎಟಿಎಂ ಕಾರ್ಡು ನಿಮ್ಮಮ್ಮನ ಹತ್ತಿರ ಇರಲಿ ಅಂದೆ. ಅದಕ್ಕೆ ಒಪ್ಪಿದ. ಆದರೆ ಅವನ ಕಣ್ಣಿರುವುದು 350 ದಾಟಿದ ಗಾಡಿಯ ಮೇಲೆ. ಅದಕ್ಕೀಗ ಜಿಎಸ್‌ಟಿ ಶೇ. 40. ಆ ಅಂಕಿಯನ್ನೂ 15,117ನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ಮುಂಗಡಕ್ಕೆ ದೊಡ್ಡಪ್ಪನ ಹತ್ತಿರ ಬಾಯಿ ಬಿಡುವ ಮೊದಲು ಓದಿಕೊಳ್ಳಲಿ ಅಂತ.