ಮೂವತ್ತು ಸೆಕೆಂಡಿನ ಚಿತ್ರ, ಮೂರು ಪದರ

1978ರ ‘ಶಂಕರ್ ಗುರು’ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಅವರದು ಮೂರು ಪಾತ್ರ. ಗೆಳೆಯರೇ, ಒಬ್ಬನೇ ನಟ ತನ್ನೆದುರು ತಾನೇ ನಿಲ್ಲುವ ದೃಶ್ಯವನ್ನು ಈಗ ಮೊಬೈಲಿನಲ್ಲೇ ಮಾಡಬಹುದು. ಬೇಕಾದದ್ದು ಯೋಜನೆ.

ಕಥೆ: 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು ರೈತರು ಸಿಟ್ಟಿಗೆದ್ದದ್ದು ನಮಗೆಲ್ಲ ಗೊತ್ತು. ರೈತನೂ ಖರೀದಿದಾರನೂ ಒಬ್ಬನೇ ವಿದ್ಯಾರ್ಥಿಯಾಗಲಿ. ಮುಖ ಒಂದೇ ಆದರೆ ನೋಡುವವರ ಗಮನ ದರದ ಮೇಲೆ ಹೋಗುತ್ತದೆ.

ಸಮಯ: ಸೆಕೆಂಡಿಗೆ 25 ಫ್ರೇಮ್‌ನಂತೆ 30 ಸೆಕೆಂಡಿಗೆ 750 ಫ್ರೇಮ್. ಇದನ್ನು ಖರ್ಚಿನ ಲೆಕ್ಕದಂತೆ ಹಂಚಿ: ಚೀಲ ಬಿಚ್ಚಲು 8 ಸೆಕೆಂಡು, ಮಾತಿಗೆ 14, ದರ ತೋರಿಸಲು 8.

ಚಿತ್ರೀಕರಣ: ಮೊಬೈಲ್ ಅಲುಗಾಡದಂತೆ ಸ್ಟ್ಯಾಂಡಿಗೆ ಹಾಕಿ, ಫೋಕಸ್ ಮತ್ತು ಬೆಳಕು ಲಾಕ್ ಮಾಡಿ. ಮೊದಲು ಎಡಗಡೆ ರೈತ, ನಂತರ ಬಟ್ಟೆ ಬದಲಿಸಿ ಬಲಗಡೆ ಖರೀದಿದಾರ. ಎದುರಿನವನ ಮಾತನ್ನು ಗೆಳೆಯನೊಬ್ಬ ಕ್ಯಾಮೆರಾ ಹಿಂದಿನಿಂದ ಮೆಲ್ಲಗೆ ಓದಲಿ. ಆಗ ಉತ್ತರ ಸರಿಯಾದ ಹೊತ್ತಿಗೆ ಬರುತ್ತದೆ. ನಡುಗೆರೆಯನ್ನು ಕೈಯೂ ದಾಟಬಾರದು, ನೆರಳೂ ದಾಟಬಾರದು.

ಪದರಗಳು: ಕೆಳಗೆ ರೈತನ ವಿಡಿಯೊ, ಮೇಲೆ ಖರೀದಿದಾರನದು. ಮೇಲಿನದಕ್ಕೆ ಮಾಸ್ಕ್ ಹಾಕಿ ಎಡ ಅರ್ಧವನ್ನು ಮರೆಮಾಡಿದರೆ ಇಬ್ಬರೂ ಒಟ್ಟಿಗೆ ಕಾಣುತ್ತಾರೆ. ಗೆರೆಯ ಅಂಚನ್ನು ಸ್ವಲ್ಪ ಮಸುಕು ಮಾಡಿ. ಮೂರನೆಯ ಪದರದಲ್ಲಿ ದರದ ಅಂಕಿ ಬರಲಿ.

ಮತ್ತೊಂದು ಎಫೆಕ್ಟ್ ಹಾಕುವ ಮೊದಲು ಯೋಚಿಸಿ: ಅದಿಲ್ಲದೆಯೂ ಕಥೆ ತಿಳಿಯುವುದಾದರೆ ಅದು ಬೇಡ.

ಅಂಕಿ ಮಾತ್ರ ಆ ದಿನದ ನಿಜವಾದ ಮಾರುಕಟ್ಟೆ ದರವೇ ಆಗಿರಲಿ. ಮೇಡ್ಲೇರಿಯ ರೈತರು ಮಾಸ್ಕಿನ ಗೆರೆ ಕಂಡರೆ ನಕ್ಕು ಬಿಟ್ಟಾರು. ದರ ಸುಳ್ಳಾದರೆ ಚಿತ್ರವನ್ನೇ ನಂಬಲಾರರು.