ದವಡೆಯ ಕೀಲು: ನೋವು ಮತ್ತು ಸಂಯುಕ್ತ ಚಿಕಿತ್ಸೆ

ಉದ್ದೇಶ: ವಿದ್ಯಾರ್ಥಿಗಳು ದವಡೆಯ ಕೀಲನ್ನು ತಮ್ಮ ದೇಹದಲ್ಲಿಯೇ ಗುರುತಿಸುವುದು, ಅದರ ನೋವಿಗೆ ಸರಳ ಚಿಕಿತ್ಸೆಯೇ ಮೊದಲೇಕೆ ಎಂಬುದನ್ನು ಕಾರಣಸಹಿತ ತಿಳಿಯುವುದು.

ಪ್ರವೇಶ: ಮಕ್ಕಳು ಎರಡೂ ಕಿವಿಗಳ ಮುಂದೆ ಬೆರಳಿರಿಸಿ ಇ, ಎ, ಆ ಸ್ವರಗಳನ್ನು ಕ್ರಮವಾಗಿ ಉಚ್ಚರಿಸಲಿ. ದವಡೆ ಹಂತಹಂತವಾಗಿ ಇಳಿಯುವುದು. ಬೆರಳಿನಡಿ ಚಲಿಸುವುದೇ ಆ ಕೀಲು. ಬಾಯಿ ತೆರೆಯುವಾಗ ಕೆಳದವಡೆಯ ಗುಂಡುತುದಿ ಮೊದಲು ತಿರುಗುತ್ತದೆ, ಬಳಿಕ ಮುಂದಕ್ಕೆ ಜಾರುತ್ತದೆ. ಅದಕ್ಕೂ ತಲೆಬುರುಡೆಗೂ ನಡುವೆ ನಾರಿನ ತೆಳು ಬಿಲ್ಲೆಯಿದೆ. ವಯಸ್ಕರ ಬಾಯಿ ಸಾಮಾನ್ಯವಾಗಿ 40 ಮಿಲಿಮೀಟರಿನಷ್ಟು, ಎಂದರೆ ಅವರದೇ ಮೂರು ಬೆರಳು ಹಿಡಿಯುವಷ್ಟು, ತೆರೆಯಬಲ್ಲದು.

ವಿಷಯ ವಿವರಣೆ: ಸ್ನಾಯುಗಳ ಬಿಗಿತ, ಬಿಲ್ಲೆಯ ಸ್ಥಾನಪಲ್ಲಟ, ಸಂಧಿವಾತ ಇವು ಮುಖ್ಯ ತೊಂದರೆಗಳು. ನೋವಿಲ್ಲದೆ ಕೇವಲ ‘ಟಕ್’ ಎಂಬ ಸದ್ದಿದ್ದರೆ ಚಿಕಿತ್ಸೆ ಬೇಕಿಲ್ಲ. 1934ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಕಾಸ್ಟನ್ ಈ ನೋವಿಗೆ ಹಲ್ಲುಗಳ ಕಚ್ಚುವಿಕೆಯೇ ಕಾರಣವೆಂದು ಬಗೆದರು. ಅಂತಹ ತಿಳಿವಳಿಕೆಯಿಂದ ಹಲ್ಲು ಉಜ್ಜಿ ಸರಿಪಡಿಸುವ ಚಿಕಿತ್ಸೆಗಳು ಬಳಕೆಗೆ ಬಂದವು. ಉಜ್ಜಿದ ಹಲ್ಲು ಮರಳಿ ಬೆಳೆಯದು. ಬಹುಪಾಲು ರೋಗಿಗಳಾದರೋ ಸರಳೋಪಾಯಗಳಿಂದಲೇ ಚೇತರಿಸಿಕೊಳ್ಳುತ್ತಾರೆ. ಆದುದರಿಂದ ಹಿಂದೆಗೆಯಬಹುದಾದ ಚಿಕಿತ್ಸೆ ಮೊದಲು ಬರಬೇಕು.

ಮನೆಯ ಆರೈಕೆ: ಗಂಜಿ, ಮುದ್ದೆ, ಮೆತ್ತನೆಯ ಅನ್ನ ಹಿತಕರ, ಕಟಕ ರೊಟ್ಟಿ, ಕಬ್ಬು, ಚಕ್ಕುಲಿಗಳನ್ನು ಕೆಲದಿನ ಬಿಡಬೇಕು. ಬಿಸಿ ಬಟ್ಟೆಯ ಶಾಖ ಕೊಡಬಹುದು. ವಿರಾಮದಲ್ಲಿ ತುಟಿಗಳು ಕೂಡಿರಲಿ, ಹಲ್ಲುಗಳು ಬಿಡಿಯಾಗಿರಲಿ.

ಸಂಯುಕ್ತ ಚಿಕಿತ್ಸೆ: ನೋವು ಮೂರು ತಿಂಗಳು ಮೀರಿ ಉಳಿದರೆ ಒಂದೇ ಉಪಾಯವನ್ನು ನಂಬಿ ಕೂರಬಾರದು. ಕಲಿತವರ ಮೇಲ್ವಿಚಾರಣೆಯಲ್ಲಿ ದವಡೆಯ ವ್ಯಾಯಾಮ, ಕೈಚಿಕಿತ್ಸೆ, ಕತ್ತು-ಬೆನ್ನಿನ ಭಂಗಿಯ ಅಭ್ಯಾಸ, ಚಿಂತೆ ಮತ್ತು ಹಲ್ಲು ಕಚ್ಚುವ ರೂಢಿಯನ್ನು ತಿದ್ದುವ ಆಪ್ತಸಮಾಲೋಚನೆ ಇವು ಒಂದಕ್ಕೊಂದು ನೆರವಾಗುತ್ತವೆ. 2023ರಲ್ಲಿ ಬಿ.ಎಂ.ಜೆ. ಪತ್ರಿಕೆಯಲ್ಲಿ ಪ್ರಕಟವಾದ ಮಾರ್ಗಸೂಚಿಯು ಇಂತಹ ಕ್ರಮಗಳನ್ನೇ ಬಲವಾಗಿ ಶಿಫಾರಸು ಮಾಡಿತು. ಬಿಲ್ಲೆಯನ್ನು ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆಯನ್ನು ಬೇಡವೆಂದಿತು.

ಶಿಕ್ಷಕರ ಗಮನಕ್ಕೆ: ಗಟ್ಟಿಯಾಗಿ ಓದದ, ತುತ್ತನ್ನು ಒಂದೇ ಬದಿಗೆ ಅಗಿಯುವ ಮಗುವನ್ನು ಸೋಮಾರಿಯೆಂದು ಗದರುವ ಮುನ್ನ ನೋವಿದೆಯೇ ಎಂದು ಕೇಳಿರಿ. ಗದ್ದ ನೆಲಕ್ಕೆ ಬಡಿಯುವಂತೆ ಬಿದ್ದ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಗುರುತಿಸದೆ ಬಿಟ್ಟ ಪೆಟ್ಟಿನಿಂದ ಕೀಲು ಬೆಸೆದುಕೊಂಡು ಬಾಯಿ ತೆರೆಯದಂತಾಗಬಹುದು. ಬಾವು, ಜ್ವರ, ದವಡೆ ಸಿಕ್ಕಿಕೊಳ್ಳುವಿಕೆ ಕಂಡರೂ ಹಾಗೆಯೇ. ವಯಸ್ಕರಿಗೆ ನಡೆದಾಗ ದವಡೆ ನೋಯುತ್ತಿದ್ದರೆ ಅದು ಹೃದಯದ ಸೂಚನೆಯಾಗಿರಬಹುದು. ದಿನವಿಡೀ ಮಾತನಾಡುವ ನಮ್ಮ ದವಡೆಗೂ ವಿಶ್ರಾಂತಿ ಬೇಕೆಂಬುದನ್ನು ಮರೆಯದಿರೋಣ.

ಮೌಲ್ಯಮಾಪನ:
1. ಬಾಯಿ ತೆರೆಯುವಾಗ ಕೀಲಿನ ಎರಡು ಚಲನೆಗಳಾವುವು?
2. ಹಲ್ಲು ಉಜ್ಜುವ ಚಿಕಿತ್ಸೆಗಿಂತ ವ್ಯಾಯಾಮ ಮೊದಲೇಕೆ?
3. ‘ದವಡೆ’, ‘ಕೀಲು’, ‘ನೋವು’ ಪದಗಳನ್ನು ನಿಮ್ಮೂರಿನ ಆಸ್ಪತ್ರೆಯಲ್ಲಿ ಬಳಸುವ ರಾಜ್ಯಭಾಷೆಯಲ್ಲಿಯೂ ಕೇಳಿ ತಿಳಿದು ಬರೆಯಿರಿ.