ಶಿಯಾನ್‌ಗೆ ಓದಲು ಹೊರಟವರಿಗೆ

ಚೀನಾದ ಶಿಯಾನ್‌ಗೆ ಓದಲು ಹೊರಟಿದ್ದೀರಾ? ಮಣ್ಣಿನ ಸೈನಿಕರನ್ನು ಹೇಗೂ ನೋಡುತ್ತೀರಿ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಬೆರಗು ಅದು. ಆದರೆ ಮೊದಲ ಭಾನುವಾರವನ್ನು ದಯವಿಟ್ಟು ದಾಯಾನ್ ಪಗೋಡಕ್ಕೆ ಮೀಸಲಿಡಿ. ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಭಾರತದಿಂದ ಹೊತ್ತು ತಂದ ಗ್ರಂಥಗಳನ್ನು ಕಾಪಾಡಲೆಂದು 652ರಲ್ಲಿ ಕಟ್ಟಿದ ಗೋಪುರವದು. ಬಾದಾಮಿಯಿಂದ ಆಳಿದ ನಮ್ಮ ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಬರೆದಿಟ್ಟವನೂ ಅವನೇ. ಗೋಪುರದ ಬುಡದಲ್ಲಿ ನಿಂತರೆ ಬಾದಾಮಿ ಹತ್ತಿರದಲ್ಲೇ ಇದೆ ಅನ್ನಿಸುತ್ತದೆ.

ಸಂಜೆ ಮುಸ್ಲಿಮರ ಕೇರಿಗೆ ಹೋಗಿ. ಮಾಂಸ ತಿನ್ನುವವರಾದರೆ ಪಾವ್‌ಮೋ ಕೇಳಿ. ದಪ್ಪ ರೊಟ್ಟಿ, ಖಾಲಿ ಬಟ್ಟಲು ಮುಂದಿಡುತ್ತಾರೆ. ರೊಟ್ಟಿಯನ್ನು ನೀವೇ ಕಡಲೆಕಾಳಿನಷ್ಟು ಸಣ್ಣಗೆ ಚಿವುಟಿ ಹಾಕಬೇಕು. ಆಮೇಲೆ ಅದನ್ನು ಕುರಿಮಾಂಸದ ಸಾರಿನಲ್ಲಿ ಕುದಿಸಿ ಕೊಡುತ್ತಾರೆ. ಅವಸರ ಬೇಡ. ಪಕ್ಕದ ಮೇಜಿನ ಅಜ್ಜನೂ ಚಿವುಟುತ್ತಾ ಕೂತಿರುತ್ತಾರೆ. ಕಲಿತ ನಾಲ್ಕು ಚೀನೀ ಮಾತನ್ನು ಅವರ ಜೊತೆ ಆಡಿ ನೋಡಿ.